ಸ್ಟುಟ್‌ಗಾರ್ಟ್‌ನಲ್ಲಿ ನೋಡೋಕೆ ಏನೂ ಇಲ್ವಾ?

ಪ್ರಶ್ನೆ: ನಾವು ಮೈಸೂರಿನವರು. ನನಗೆ 63, ನನ್ನ ಹೆಂಡತಿಗೆ 59. ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್. ಜೂನ್‌ನಲ್ಲಿ ಮೂರು ವಾರ ಅವನ ಮನೆಯಲ್ಲಿ ಇದ್ದು ಬರೋಣ ಎಂದುಕೊಂಡಿದ್ದೇವೆ. ಅವನಿಗೆ ಶನಿವಾರ, ಭಾನುವಾರ ಮಾತ್ರ ಬಿಡುವು. ಅಲ್ಲಿಗೆ ಹೋಗಿಬಂದ ಸ್ನೇಹಿತರೊಬ್ಬರು, "ಎರಡು ಕಾರ್ ಮ್ಯೂಸಿಯಂ ಬಿಟ್ರೆ ಆ ಊರಲ್ಲಿ ಏನೂ ಇಲ್ಲ, ಪ್ಯಾರಿಸ್–ಸ್ವಿಟ್ಜರ್ಲೆಂಡ್ ಪ್ಯಾಕೇಜ್ ತಗೊಳ್ಳಿ" ಎನ್ನುತ್ತಿದ್ದಾರೆ. ಮಗ ಒಂದು ಶನಿವಾರ ನೊಯ್‌ಶ್ವಾನ್‌ಸ್ಟೈನ್ ಕೋಟೆಗೆ ಹೋಗಿ ಅದೇ ದಿನ ವಾಪಸ್ ಬರೋಣ ಎನ್ನುತ್ತಾನೆ. ಹೆಂಡತಿಗೆ ಮಂಡಿ ನೋವು, ಅದರಲ್ಲೂ ಇಳಿಯುವಾಗ ಜಾಸ್ತಿ. ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಜರ್ಮನ್ ಒಂದಕ್ಷರ ಬರುವುದಿಲ್ಲ. ವಾರದ ದಿನಗಳಲ್ಲಿ ನಾವಿಬ್ಬರೇ ಓಡಾಡಬಹುದೇ? ಏನು ನೋಡಬೇಕು, ಏನು ಬಿಡಬೇಕು?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಬ್ಬರೇ ಧಾರಾಳವಾಗಿ ಓಡಾಡಬಹುದು. ಟಿಕೆಟ್ ಮೆಷಿನ್‌ನಲ್ಲಿ ಇಂಗ್ಲಿಷ್ ಇದೆ, ದೊಡ್ಡ ಮ್ಯೂಸಿಯಂಗಳಲ್ಲಿ ಇಂಗ್ಲಿಷ್ ಫಲಕ ಇದೆ, ದಾರಿ ಕೇಳಿದರೆ ಹೇಳುವವರೂ ಇದ್ದಾರೆ. ಈ ಭಾಗದಲ್ಲಿ ಗೈಡ್ ಕೆಲಸ ಮಾಡುವ ನನ್ನ ಹತ್ತಿರ ಬರುವವರಲ್ಲಿ ನಿಮ್ಮ ಹಾಗೆ ಮಕ್ಕಳ ಮನೆಗೆ ಬಂದ ತಂದೆತಾಯಿ ಬಹಳ. ಅವರಿಗೆ ಭಾಷೆಯಿಂದ ತೊಂದರೆ ಆಗಿದ್ದು ಕಡಿಮೆ. ತೊಂದರೆ ಆಗುವುದು ಒಂದೇ ದಿನಕ್ಕೆ ನಾಲ್ಕು ಜಾಗ ತುಂಬಿಸಿಕೊಂಡು ಹೊರಟಾಗ.

ಇನ್ನು ನಿಮ್ಮ ಸ್ನೇಹಿತರ ಮಾತು. ಅದು ಪೂರ್ತಿ ಸುಳ್ಳೇನಲ್ಲ. ಮುಖ್ಯ ರೈಲು ನಿಲ್ದಾಣದಲ್ಲಿ ಇಳಿದು ಕ್ಯೋನಿಗ್‌ಸ್ಟ್ರಾಸೆ ಅನ್ನುವ ಉದ್ದದ ಅಂಗಡಿ ಬೀದಿಯಲ್ಲಿ ನಡೆದು, ಅರಮನೆ ಚೌಕದಲ್ಲಿ ಫೋಟೋ ತೆಗೆಸಿಕೊಂಡು, ಎರಡು ಕಾರ್ ಮ್ಯೂಸಿಯಂ ನೋಡಿ ಹೋದವರಿಗೆ ಊರು ಸಪ್ಪೆ ಎನಿಸುವುದು ಸಹಜ. ಅದೇ ಬ್ರ್ಯಾಂಡ್ ಅಂಗಡಿಗಳು, ಅವೇ ಕಾಂಕ್ರೀಟ್ ಕಟ್ಟಡಗಳು. ಸಾಲದ್ದಕ್ಕೆ, ರೈಲು ನಿಲ್ದಾಣವನ್ನು ನೆಲದಡಿಗೆ ಇಳಿಸುವ 'ಸ್ಟುಟ್‌ಗಾರ್ಟ್ 21' ಕಾಮಗಾರಿ 2010ರಿಂದ ನಡೆಯುತ್ತಲೇ ಇದೆ. ಮುಗಿಯುವ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ. ಬಂದವರಿಗೆ ಮೊದಲು ಕಾಣುವುದೇ ತಗಡಿನ ಬೇಲಿ ಮತ್ತು ಕ್ರೇನು.

ಹೀಗಾಗಲು ಕಾರಣ ಇದೆ. ಎರಡನೇ ಮಹಾಯುದ್ಧದಲ್ಲಿ ಈ ಊರಿನ ಮೇಲೆ 53 ಸಲ ವಿಮಾನ ದಾಳಿ ಆಯಿತು. 1944ರ ಜುಲೈ ಕೊನೆಯ ದಾಳಿಗಳಲ್ಲಿ ಹಳೇ ಪೇಟೆ ಸುಟ್ಟುಹೋಯಿತು. ಆಮೇಲೆ ಊರು ಕಟ್ಟಿದವರು ಕಾರಿಗೆ ಜಾಗ ಮಾಡಿ ಕಟ್ಟಿದರು. ಕಾರು ಹುಟ್ಟಿದ ಊರು ತಾನೇ! ಈಗಲೂ ಒಪೆರಾ ಕಟ್ಟಡಕ್ಕೂ ಚಿತ್ರಕಲಾ ಗ್ಯಾಲರಿಗೂ ನಡುವೆ ಹೆದ್ದಾರಿಯಂಥ ರಸ್ತೆ ಹಾದುಹೋಗುತ್ತದೆ. ಯುದ್ಧದಲ್ಲಿ ಉಳಿದಿದ್ದನ್ನೂ ಇವರೇ ಕೆಡವಿದ್ದುಂಟು. ವಾಸ್ತುಶಿಲ್ಪಿ ಎರಿಕ್ ಮೆಂಡಲ್‌ಸನ್ 1928ರಲ್ಲಿ ಕಟ್ಟಿದ ಷೋಕನ್ ಮಳಿಗೆ ಬಾಂಬಿಗೆ ಬೀಳಲಿಲ್ಲ, 1960ರಲ್ಲಿ ನಗರದವರೇ ಒಡೆದರು. ಜಗತ್ತಿನ ನಾನಾ ಕಡೆಯಿಂದ ವಿರೋಧ ಬಂದರೂ ಕೇಳಲಿಲ್ಲ.

ಬಿದ್ದ ಊರಿನ ಕಲ್ಲುಮಣ್ಣನ್ನು ಲಾರಿಗಳಲ್ಲಿ ಸಾಗಿಸಿ ಬಿರ್ಕನ್‌ಕಾಫ್ ಎಂಬ ಗುಡ್ಡದ ಮೇಲೆ ಸುರಿದರು. ಗುಡ್ಡ ಸುಮಾರು 40 ಮೀಟರ್ ಬೆಳೆಯಿತು, ಈಗ 511 ಮೀಟರ್ ಎತ್ತರ. ತುದಿಯಲ್ಲಿ ಕಲ್ಲಿನ ರಾಶಿ ಹಾಗೇ ಇದೆ. ಹತ್ತಿರ ಹೋಗಿ ನೋಡಿದರೆ ಯಾವುದೋ ಮನೆಯ ಕಿಟಕಿ ಚೌಕಟ್ಟು, ಕಂಬದ ತಲೆ, ಕೆತ್ತಿದ ಹೂಬಳ್ಳಿ ಸಿಗುತ್ತವೆ. ಅದರ ಮೇಲೇ ಕೂತು ಹುಡುಗರು ಸೂರ್ಯ ಮುಳುಗುವುದನ್ನು ನೋಡುತ್ತಿರುತ್ತಾರೆ. ಜೂನ್‌ನಲ್ಲಿ ಅದು ರಾತ್ರಿ ಒಂಬತ್ತೂವರೆ ಹೊತ್ತಿಗೆ. ದಾರಿ ಗುಡ್ಡ ಸುತ್ತಿಕೊಂಡು ನಿಧಾನವಾಗಿ ಏರುತ್ತದೆ, ಮೆಟ್ಟಿಲಿಲ್ಲ. ಮಂಡಿ ಒಪ್ಪಿದರೆ ಮಗನ ಜೊತೆ ಒಂದು ಸಂಜೆ ಹೋಗಿ. ಈ ಊರು ಯಾಕೆ ಹೀಗಿದೆ ಅನ್ನುವುದು ಅಲ್ಲಿ ಗೊತ್ತಾಗುವಷ್ಟು ಯಾವ ಮ್ಯೂಸಿಯಂನಲ್ಲೂ ಗೊತ್ತಾಗುವುದಿಲ್ಲ.

ಹಾಗಾಗಿ ಬಂದವರಿಗೆಲ್ಲ ನಾನು ಹೇಳುವುದು ಇಷ್ಟೇ: ಸ್ಟುಟ್‌ಗಾರ್ಟನ್ನು ಮಧ್ಯದಲ್ಲಿ ಹುಡುಕಬೇಡಿ, ಅಂಚಿನಲ್ಲಿ ನೋಡಿ. ಊರು ಇರುವುದು ಬಟ್ಟಲಿನಂಥ ತಗ್ಗಿನಲ್ಲಿ. ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ. ನೆಕ್ಕಾರ್ ನದಿಯ ಹತ್ತಿರ 207 ಮೀಟರ್ ಎತ್ತರ, ಮೇಲಿನ ಅಂಚಿನಲ್ಲಿ 549. ನೋಡುವಂಥದ್ದೆಲ್ಲ ಈ ಅಂಚಿನ ಗುಡ್ಡಗಳಲ್ಲಿದೆ, ಇಲ್ಲವೇ ರೈಲಿನಲ್ಲಿ ಒಂದು ಗಂಟೆಯೊಳಗಿನ ಪಕ್ಕದ ಊರುಗಳಲ್ಲಿದೆ. ಎಸ್‌ಲಿಂಗನ್, ಟ್ಯೂಬಿಂಗನ್ ಯುದ್ಧದಲ್ಲಿ ಹೆಚ್ಚು ಹಾಳಾಗಲಿಲ್ಲ. ನಿಮ್ಮ ಸ್ನೇಹಿತರಿಗೆ ಸಿಗದ ಹಳೇ ಜರ್ಮನಿ ಅಲ್ಲಿದೆ.

ಗುಡ್ಡ ಎಂದ ಕೂಡಲೇ ಮಂಡಿ ನೆನಪಾಗಿರುತ್ತದೆ. ಊರ ತುಂಬ ಗುಡ್ಡ ಹತ್ತುವ ಮೆಟ್ಟಿಲ ದಾರಿಗಳಿವೆ, ನಾನೂರಕ್ಕೂ ಜಾಸ್ತಿ. ಪ್ರವಾಸದ ಪುಸ್ತಕಗಳು ಅವನ್ನು ಬಹಳ ಹೊಗಳುತ್ತವೆ. ನಿಮಗೆ ಬೇಡ. ಗುಡ್ಡ ಹತ್ತಿಸಲು ಬೇರೆ ಗಾಡಿಗಳಿವೆ, ಅವೇ ಒಂದು ನೋಟ. ಮಾರಿಯನ್‌ಪ್ಲಾಟ್ಸ್‌ನಿಂದ ಡೆಗರ್‌ಲೋಕ್‌ಗೆ ಹೋಗುವ ಹಳದಿ ರೈಲನ್ನು ಊರವರು 'ಟ್ಸಾಕೆ' ಎಂದು ಕರೆಯುತ್ತಾರೆ. 1884ರಿಂದ ಓಡುತ್ತಿದೆ. ಎರಡು ಹಳಿಗಳ ನಡುವೆ ಹಲ್ಲಿನ ಹಳಿ ಇದೆ, ಗಾಡಿಯ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಮುಂದುಗಡೆ ಸೈಕಲ್ ಇಡುವ ತೆರೆದ ಗಾಡಿ, ಹತ್ತುವಾಗ ರೈಲು ಅದನ್ನು ತಳ್ಳಿಕೊಂಡು ಹೋಗುತ್ತದೆ. ಕಿಟಕಿ ಪಕ್ಕ ಕೂತರೆ ಹತ್ತೇ ನಿಮಿಷದಲ್ಲಿ ಇಡೀ ಊರು ಕೆಳಗಿಳಿದು ಹೋಗುತ್ತದೆ. ಮೇಲಿನಿಂದ ಟ್ರಾಮ್ ಹಿಡಿದರೆ ಟಿವಿ ಗೋಪುರ. ಎಂಜಿನಿಯರ್ ಫ್ರಿಟ್ಸ್ ಲಿಯೋನ್‌ಹಾರ್ಟ್ 1956ರಲ್ಲಿ ಮುಗಿಸಿದ ಇದು ಕಾಂಕ್ರೀಟಿನಲ್ಲಿ ಕಟ್ಟಿದ ಜಗತ್ತಿನ ಮೊದಲ ಟಿವಿ ಗೋಪುರ, ಎತ್ತರ ಸುಮಾರು 217 ಮೀಟರ್. ಲಿಫ್ಟ್ ಇದೆ. ಮೋಡ ಕವಿದ ದಿನ ಹೋಗಬೇಡಿ, ದುಡ್ಡು ದಂಡ.

ಇನ್ನೊಂದು ಕಡೆ 1929ರ ಕೇಬಲ್ ರೈಲಿದೆ, ತೇಗದ ಮರದ ಹಳೇ ಡಬ್ಬಿಗಳು. ಹೋಗುವುದು ಕಾಡಿನ ಸ್ಮಶಾನಕ್ಕೆ. ಗಂಡ ಸತ್ತ ಸಿರಿವಂತ ಹೆಂಗಸರ ಹಿಂದೆ ಆಸ್ತಿ ಆಸೆಗೆ ಸುತ್ತುವವರ ರೈಲು ಅಂತ ಊರವರು ಇದಕ್ಕೊಂದು ಅಡ್ಡಹೆಸರು ಇಟ್ಟಿದ್ದಾರೆ.

ಮರ್ಸಿಡಿಸ್ ಮ್ಯೂಸಿಯಂ ನೋಡಲೇಬೇಕು. ಕಾರಿನ ಹುಚ್ಚು ಇಲ್ಲದವರಿಗೂ ಹಿಡಿಸುತ್ತದೆ. 2006ರಲ್ಲಿ ತೆರೆದ ಕಟ್ಟಡ. ಮೊದಲು ಲಿಫ್ಟ್‌ನಲ್ಲಿ ಮೇಲಿನ ಮಹಡಿಗೆ ಹೋಗುತ್ತೀರಿ. ಅಲ್ಲಿ ಕಾರಿಲ್ಲ, ಒಂದು ಬಿಳಿ ಕುದುರೆ ನಿಂತಿದೆ. ಜೊತೆಗೆ, "ನನಗೆ ನಂಬಿಕೆ ಕುದುರೆ ಮೇಲೆ, ಮೋಟಾರು ನಾಲ್ಕು ದಿನದ ಆಟ" ಅನ್ನುವ ಅರ್ಥದ, ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೇ ವಿಲ್‌ಹೆಲ್ಮ್ ಹೇಳಿದ್ದೆನ್ನುವ ಮಾತು. ಅಲ್ಲಿಂದ ಮುಂದೆ 1886ರ ಮೂರು ಚಕ್ರದ ಬೆಂಜ್ ಗಾಡಿ. 1888ರಲ್ಲಿ ಬೆರ್ಟಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಪ್ಫೋರ್ಟ್ಸ್‌ಹೈಮ್‌ಗೆ ಮೂರು ಚಕ್ರದ ಗಾಡಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡು ತುಂಬಿಸಿದಳು. ಈ ಕಥೆ ನಿಮ್ಮ ಮನೆಯವರಿಗೆ ಖಂಡಿತ ಇಷ್ಟವಾಗುತ್ತದೆ. ಆದರೆ ಒಂದು ಎಚ್ಚರಿಕೆ. ಈ ಮ್ಯೂಸಿಯಂ ನೋಡುವ ದಾರಿಯೆಲ್ಲ ಇಳಿಜಾರು. ಸಾಮಾನ್ಯ ಜನಕ್ಕೆ ಅದು ಸುಲಭ, ಇಳಿಯುವಾಗ ನೋಯುವ ಮಂಡಿಗೆ ಅಲ್ಲ. ಪ್ರತಿ ಮಹಡಿಗೂ ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿ ಅದನ್ನೇ ಬಳಸಿ. ಪೋರ್ಷೆ ಮ್ಯೂಸಿಯಂ ಇದಕ್ಕಿಂತ ಚಿಕ್ಕದು, ರೈಲು ಇಳಿದರೆ ಎದುರಿಗೇ ಇದೆ. ಮಗನಿಗೆ ಆಸೆ ಇದ್ದರೆ ಹೋಗಿ, ಇಲ್ಲದಿದ್ದರೆ ಒಂದು ಸಾಕು. ಎರಡೂ ಸೋಮವಾರ ಮುಚ್ಚಿರುತ್ತವೆ.

ಎರಡನೇ ಕಾರ್ ಮ್ಯೂಸಿಯಂ ಬದಲು, ಸ್ಟುಟ್‌ಗಾರ್ಟ್‌ನದೇ ಭಾಗವಾದ ಬಾಡ್ ಕಾನ್‌ಸ್ಟಾಟ್‌ನ ಉದ್ಯಾನದಲ್ಲಿರುವ ಪುಟ್ಟ ತೋಟದ ಮನೆ ನೋಡಿ. 1882ರಿಂದ, ಕಾರು ತಯಾರಿಕೆಯ ಮೊದಲಿಗರಾದ ಗಾಟ್‌ಲೀಬ್ ಡೈಮ್ಲರ್, ವಿಲ್‌ಹೆಲ್ಮ್ ಮೈಬಾಕ್ ಇಬ್ಬರೂ ಬಾಗಿಲು ಹಾಕಿಕೊಂಡು ಎಂಜಿನ್ ತಯಾರಿಸಿದ್ದು ಅಲ್ಲೇ. ಒಳಗಿಂದ ಬರುತ್ತಿದ್ದ ಸದ್ದು ಕೇಳಿ ತೋಟದ ಮಾಲಿಗೆ ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆ ಎಂಬ ಗುಮಾನಿ ಬಂತು. ಪೊಲೀಸರು ಬಂದು ತಪಾಸಣೆ ಮಾಡಿದರು, ಸಿಕ್ಕಿದ್ದು ಎಂಜಿನ್ ಭಾಗಗಳು. ಇದೇ ಕಾನ್‌ಸ್ಟಾಟ್‌ನಲ್ಲಿ ಖನಿಜ ನೀರಿನ ಬುಗ್ಗೆಗಳೂ ಇವೆ. ಯೂರೋಪಿನಲ್ಲಿ ಬುಡಾಪೆಸ್ಟ್ ಬಿಟ್ಟರೆ ಇಷ್ಟು ಖನಿಜ ನೀರು ಉಕ್ಕುವ ದೊಡ್ಡ ಊರು ಇನ್ನೊಂದಿಲ್ಲ. ಕುಡಿಯುವ ನಲ್ಲಿಗಳಲ್ಲಿ ಪುಕ್ಕಟೆ ಹಿಡಿದುಕೊಳ್ಳಬಹುದು. ರುಚಿ ಮಾತ್ರ ತುಕ್ಕು ಹಿಡಿದ ಕಬ್ಬಿಣದ್ದು.

ಸೋಮವಾರಕ್ಕೆ ವಿಲ್‌ಹೆಲ್ಮಾ ಇಟ್ಟುಕೊಳ್ಳಿ. ಈ ಸೀಮೆ ವ್ಯುರ್ಟೆಂಬೆರ್ಗ್ ಎಂಬ ರಾಜ್ಯವಾಗಿದ್ದಾಗ ಅದರ ರಾಜ ಒಂದನೇ ವಿಲ್‌ಹೆಲ್ಮ್, ಸ್ಪೇನಿನ ಮುಸ್ಲಿಂ ಅರಸರ ಕಾಲದ ಮೂರಿಷ್ ಶೈಲಿಯಲ್ಲಿ ಕಟ್ಟಿಸಿಕೊಂಡ ತೋಟ ಈಗ ಮೃಗಾಲಯ, ಸಸ್ಯೋದ್ಯಾನ ಎರಡೂ ಆಗಿದೆ. ವರ್ಷವಿಡೀ ತೆರೆದಿರುತ್ತದೆ. ಮೈಸೂರಿನವರಿಗೆ ಮೃಗಾಲಯ ಹೊಸದಲ್ಲ, ಸರಿ. ಆದರೆ ಕೆಳಗಿನ ಗಾಜಿನ ಮನೆಗಳು, ನೈದಿಲೆ ಕೊಳ ಚೆನ್ನಾಗಿವೆ, ಆ ಭಾಗ ಸಮತಟ್ಟಾಗಿದೆ. ಮೇಲಿನ ಭಾಗ ಗುಡ್ಡ ಹತ್ತುತ್ತದೆ, ಅದನ್ನು ಬಿಟ್ಟರೆ ನಷ್ಟವಿಲ್ಲ.

ಅದೇ ರಾಜನ ಇನ್ನೊಂದು ಕಟ್ಟಡ ರೋಟನ್‌ಬೆರ್ಗ್ ಗುಡ್ಡದ ಮೇಲಿದೆ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮರುವರ್ಷ ಇಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಬರ ಬಂತು. ರಷ್ಯಾದಿಂದ ಮದುವೆಯಾಗಿ ಬಂದ ರಾಣಿ ಕ್ಯಾಥರೀನಾ ಬಡವರಿಗೆ ಊಟ, ಕೆಲಸ, ಆಮೇಲೆ ಉಳಿತಾಯ ಬ್ಯಾಂಕ್ ವ್ಯವಸ್ಥೆ ಮಾಡಿದಳು. ಈಗ ಬಿಯರ್ ಜಾತ್ರೆಯಾಗಿರುವ ಕಾನ್‌ಸ್ಟಾಟ್ ಹಬ್ಬ 1818ರಲ್ಲಿ ಶುರುವಾಗಿದ್ದು ಬರದ ನಂತರದ ಕೃಷಿ ಮೇಳವಾಗಿ. 1819ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ರಾಣಿ ತೀರಿಕೊಂಡಳು. ರಾಜ ತನ್ನ ವಂಶದ ಹಳೇ ಕೋಟೆಯನ್ನೇ ಕೆಡವಿಸಿ ಅಲ್ಲಿ ಅವಳ ಸಮಾಧಿ ಮಂದಿರ ಕಟ್ಟಿಸಿದ. ಬಾಗಿಲ ಮೇಲೆ 'ಪ್ರೀತಿ ಎಂದಿಗೂ ನಿಲ್ಲದು' ಅಂತ ಬರೆಸಿದ್ದಾನೆ. ಇಷ್ಟೆಲ್ಲ ಮಾಡಿದವನಿಗೆ ಬೇರೆ ಸ್ನೇಹಿತೆಯರೂ ಇದ್ದರು ಅಂತ ಗೈಡುಗಳು ನಗುತ್ತಾ ಹೇಳುತ್ತಾರೆ, ಇರಲಿ. ಉಂಟರ್‌ಟ್ಯುರ್ಕ್‌ಹೈಮ್ ನಿಲ್ದಾಣದಿಂದ 61ನೇ ಬಸ್ ಮೇಲೆ ಹೋಗುತ್ತದೆ. ಬಸ್ ಇಳಿದ ಮೇಲೆ ಸ್ವಲ್ಪ ಏರು ಇದೆ. ನಾಲ್ಕೂ ಕಡೆ ದ್ರಾಕ್ಷಿ ತೋಟ.

ಕಟ್ಟಡಗಳಲ್ಲಿ ಆಸಕ್ತಿ ಇದ್ದರೆ ಮಾತ್ರ ವೈಸನ್‌ಹೋಫ್ ಬಡಾವಣೆಗೆ ಹೋಗಿ. 1927ರಲ್ಲಿ ಮುಂದಿನ ಕಾಲದ ಮನೆ ಹೇಗಿರಬೇಕೆಂದು ತೋರಿಸಲು ಕಟ್ಟಿದ್ದು. ಇಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕಟ್ಟಿದ ಎರಡು ಮನೆಗಳು 2016ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದೇ ಪಟ್ಟಿಯಲ್ಲಿ, ಅದೇ ಸಲ, ಅವನು ಚಂಡೀಗಢದಲ್ಲಿ ಕಟ್ಟಿದ ಸರ್ಕಾರಿ ಭವನಗಳೂ ಸೇರಿವೆ. ಮನೆಯೊಳಗಿನ ಓಣಿ ರೈಲು ಡಬ್ಬಿಯ ಓಣಿಯಷ್ಟೇ ಅಗಲ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಮೆಟ್ಟಿಲೂ ಕಿರಿದು.

ಈಗ ಪಕ್ಕದ ಊರುಗಳು. ಲುಡ್ವಿಗ್ಸ್‌ಬರ್ಗ್ ಅರಮನೆ 1704ರಲ್ಲಿ ಶುರುವಾಗಿದ್ದು, 452 ಕೋಣೆಗಳು. ಲೋಕಲ್ ರೈಲಿನಲ್ಲಿ ಕಾಲು ಗಂಟೆ. ಒಳಗೆ ಗೈಡ್ ಜೊತೆಗೇ ಹೋಗಬೇಕು, ಮೆಟ್ಟಿಲಿದೆ. ಮಂಡಿ ನೋವಿದ್ದರೆ ತೋಟಕ್ಕಷ್ಟೇ ಟಿಕೆಟ್ ತಗೊಂಡು ಬೆಂಚುಗಳಲ್ಲಿ ಕೂತು ಅರಾಮಾಗಿ ಅರ್ಧ ದಿನ ಕಳೆಯಬಹುದು. ಎಸ್‌ಲಿಂಗನ್‌ನಲ್ಲಿ 14ನೇ ಶತಮಾನದ ಮರದ ಚೌಕಟ್ಟಿನ ಮನೆಗಳು ಇನ್ನೂ ವಾಸಕ್ಕಿವೆ. ಗೋಡೆ ಹತ್ತಿರ ನಿಂತು ನೋಡಿ: ತೊಲೆಗೆ ತೊಲೆ ಸೇರಿಸಿದ ಕಡೆ ಕಬ್ಬಿಣದ ಮೊಳೆ ಇಲ್ಲ, ಮರದ ಗೂಟ ಬಡಿದಿದ್ದಾರೆ. ಮೇಲಿನ ಕೋಟೆ ಗೋಡೆಗೆ ಉದ್ದದ ಮೆಟ್ಟಿಲ ಸಾಲಿದೆ. ಅದು ಬೇಡ, ಕೆಳಗೆ ಕಾಲುವೆ ಪಕ್ಕದ ಕಾಫಿ ಅಂಗಡಿಯೇ ಸಾಕು.

ಕನ್ನಡಿಗರಾಗಿ ನಿಮಗೆ ಈ ಸೀಮೆಯ ಮೇಲೆ ಇನ್ನೊಂದು ಕಾರಣಕ್ಕೂ ಅಭಿಮಾನ ಬರಬಹುದು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದ ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡಿದ್ದು ಎಸ್‌ಲಿಂಗನ್‌ನಲ್ಲೇ. ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದ ಕೆಲಸಕ್ಕೆ ಅವರಿಗೆ ಡಾಕ್ಟರೇಟ್ ಕೊಟ್ಟಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. 1894ರ ನಿಘಂಟಿನ ಕಿಟೆಲ್ ಅವರಿಗೂ ಅದೇ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಅವರು 1903ರಲ್ಲಿ ಕಣ್ಣುಮುಚ್ಚಿದ್ದೂ ಟ್ಯೂಬಿಂಗನ್‌ನಲ್ಲೇ.

ಒಂದೇ ಒಂದು ಹೊರ ಊರಿಗೆ ಹೋಗುವುದಾದರೆ ಟ್ಯೂಬಿಂಗನ್‌ಗೆ ಹೋಗಿ. ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಬೀದಿ ತುಂಬ ವಿದ್ಯಾರ್ಥಿಗಳು. ನೆಕ್ಕಾರ್ ನದಿಯಲ್ಲಿ ಉದ್ದನೆಯ ಮರದ ದೋಣಿ, ಹಿಂದೆ ಒಬ್ಬ ನಿಂತು ಗಳುವಿನಿಂದ ತಳ್ಳುತ್ತಾನೆ, ನೀವು ಒರಗಿ ಕೂರುವುದು. ಹಳೇ ಪೇಟೆಯ ಕಲ್ಲುಹಾಸು ಏರುಪೇರು, ಗಟ್ಟಿ ಶೂ ಹಾಕಿಕೊಳ್ಳಿ. ಕೋಟೆಯ ಏರು ಕಡಿದಾಗಿದೆ. ನಿಮ್ಮ ಮನೆಯವರನ್ನು ಮಾರುಕಟ್ಟೆ ಚೌಕದಲ್ಲಿ ಕೂರಿಸಿ ನೀವೊಬ್ಬರೇ ಹೋಗಿಬನ್ನಿ. ಮೇಲಿನ ಮ್ಯೂಸಿಯಂನಲ್ಲಿ ಸುಮಾರು 40,000 ವರ್ಷ ಹಿಂದೆ ಮ್ಯಾಮತ್ ಎಂಬ ಅಳಿದುಹೋದ ಆನೆಯ ದಂತದಲ್ಲಿ ಕೆತ್ತಿದ ಬೆರಳುದ್ದದ ಕುದುರೆ ಇದೆ. ಅದೇ ಕೋಟೆಯ ಹಳೇ ಅಡುಗೆಮನೆಯಲ್ಲಿ 1869ರಲ್ಲಿ ವಿಜ್ಞಾನಿ ಫ್ರೀಡ್ರಿಕ್ ಮೀಷರ್ ಈಗ ನಾವು ಡಿಎನ್‌ಎ ಅನ್ನುವುದನ್ನು ಮೊದಲು ಬೇರ್ಪಡಿಸಿದ.

ನೊಯ್‌ಶ್ವಾನ್‌ಸ್ಟೈನ್ ವಿಷಯಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದೇ ದಿನದಲ್ಲಿ ಬೇಡ. ಹೋಗಲು ಇನ್ನೂರು ಕಿಲೋಮೀಟರ್ ಮೇಲೆ, ಬರಲು ಅಷ್ಟೇ, ಬೇಸಿಗೆ ಶನಿವಾರದ ಟ್ರಾಫಿಕ್ ಬೇರೆ. ಟಿಕೆಟ್‌ನಲ್ಲಿ ಒಳಹೋಗುವ ಸಮಯ ಅಚ್ಚಾಗಿರುತ್ತದೆ, ತಪ್ಪಿದರೆ ಹೋಯಿತು. ಕೆಳಗಿನಿಂದ ಅರ್ಧ ಗಂಟೆಗೂ ಜಾಸ್ತಿ ಏರು. ಬಸ್, ಕುದುರೆಗಾಡಿ ಇವೆ, ಆದರೆ ಬಾಗಿಲವರೆಗೆ ಬಿಡುವುದಿಲ್ಲ. ಒಳಗೆ ಹತ್ತುವುದು, ಇಳಿಯುವುದು ಸೇರಿ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ನೋಡುವುದು ಅರ್ಧ ಗಂಟೆ ಚಿಲ್ಲರೆ, ಒಳಗೆ ಫೋಟೋ ತೆಗೆಯುವಂತಿಲ್ಲ. ಆಸೆ ಬಿಡಲಾಗದಿದ್ದರೆ ಶುಕ್ರವಾರ ಸಂಜೆಯೇ ಹೊರಟು ಫ್ಯೂಸನ್‌ನಲ್ಲಿ ಒಂದು ರಾತ್ರಿ ಉಳಿಯಿರಿ, ಬೆಳಗಿನ ಟಿಕೆಟ್ ಮೊದಲೇ ಕಾಯ್ದಿರಿಸಿ, ಮನೆಯವರು ಹೊರಗಿನಿಂದಲೇ ನೋಡಲಿ. ಕೋಟೆ ಚೆಂದ ಕಾಣುವುದೂ ಹೊರಗಿನಿಂದಲೇ.

ಪ್ಯಾಕೇಜ್ ಟೂರ್ ಕೆಟ್ಟದ್ದಲ್ಲ. ಊಟದ ಚಿಂತೆ ಇರುವುದಿಲ್ಲ, ಸೂಟ್‌ಕೇಸ್ ಹೊರುವ ಚಿಂತೆಯೂ ಕಡಿಮೆ. ಆದರೆ ಬೆಳಗ್ಗೆ ಏಳಕ್ಕೆ ಬಸ್, ಎಲ್ಲರ ವೇಗಕ್ಕೆ ನಡೆಯಬೇಕು. ಒಬ್ಬರ ಮಂಡಿಗಾಗಿ ನಲವತ್ತು ಜನ ಕಾಯುವುದಿಲ್ಲ. ಪ್ಯಾರಿಸ್ ನೋಡಲೇಬೇಕೆಂದರೆ ಸ್ಟುಟ್‌ಗಾರ್ಟ್‌ನಿಂದ ನೇರ ವೇಗದ ರೈಲಿದೆ, ಮೂರು ಗಂಟೆ ಚಿಲ್ಲರೆ. ಮಗ ಎರಡು ದಿನ ರಜೆ ಹಾಕಿದರೆ ನೀವು ಮೂವರೇ ಹೋಗಿಬರಬಹುದು. ಷೆಂಗೆನ್ ವೀಸಾ ಅಲ್ಲಿಗೂ ನಡೆಯುತ್ತದೆ. ನಿಮಗೆ ನಾನು ಹೇಳುವುದು ಇದನ್ನೇ: ವಾರದ ದಿನ ಇಬ್ಬರೇ ಹತ್ತಿರದ ಒಂದೊಂದು ಜಾಗ, ನಡುವೆ ಮನೆಯಲ್ಲಿ ವಿಶ್ರಾಂತಿ, ದೂರದ್ದು ಶನಿವಾರ ಮಗನ ಜೊತೆ.

ಊಟದಲ್ಲಿ ಒಂದು ಗುಟ್ಟು. 'ವೆಜಿಟೇರಿಯನ್' ಅಂತ ಕೇಳಿದರೆ ಮೊಟ್ಟೆ ಇರುವುದನ್ನು ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಸರಿಯೇ. 'ವೀಗನ್' ಎಂದು ಕೇಳಿ. ಹಾಲು ತುಪ್ಪವೂ ಇರುವುದಿಲ್ಲ, ಆದರೆ ಮೊಟ್ಟೆಯ ಭಯವಿಲ್ಲ. ಈ ಸೀಮೆಯ ಷ್ಪೆಟ್ಸ್ಲೆ ಎಂಬ ಶಾವಿಗೆಯಂಥ ತಿಂಡಿಗೆ ಹಿಟ್ಟು ಕಲಸುವುದೇ ಮೊಟ್ಟೆಯಲ್ಲಿ. ಇಲ್ಲಿನ ಆಲೂಗಡ್ಡೆ ಸಲಾಡ್ ನೋಡಲು ಸಾಧು, ಆದರೆ ಹಳೇ ಕ್ರಮದಲ್ಲಿ ಅದಕ್ಕೆ ಮಾಂಸದ ಸಾರು ಹಾಕುತ್ತಾರೆ. ಬ್ರೆಟ್ಸೆಲ್ ಎಂಬ ಗಂಟು ಹಾಕಿದಂಥ ಬ್ರೆಡ್‌ಗೆ ಕೆಲವು ಬೇಕರಿಗಳಲ್ಲಿ ಹಂದಿ ಕೊಬ್ಬು ಹಾಕುವುದೂ ಇದೆ, ಕೇಳಿ ತಿನ್ನಿ. ಜೂನ್ ಮೂರನೇ ವಾರದವರೆಗೆ ಬಿಳಿ ಆಸ್ಪರಾಗಸ್ ಎಂಬ ತರಕಾರಿ ಸಿಗುತ್ತದೆ. ಸಾಸ್ ಬೇಡ, ಬೆಣ್ಣೆ ಮಾತ್ರ ಸಾಕು ಅಂತ ಹೇಳಿ. ಬಹುತೇಕ ದಿನ ಡಬ್ಬಿ ಕಟ್ಟಿಕೊಂಡು ಹೋಗುವುದೇ ನೆಮ್ಮದಿ. ಪಾರ್ಕಿನಲ್ಲಿ ಕೂತು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತರಕಾರಿ ಹಾಲು ತಂದಿಟ್ಟುಕೊಳ್ಳಿ. ಜೂನ್‌ನಲ್ಲಿ ಹಬ್ಬದ ರಜೆಗಳೂ ಬರುವುದರಿಂದ ಕ್ಯಾಲೆಂಡರ್ ನೋಡಿಕೊಳ್ಳಿ.

ಜರ್ಮನ್ ರೈಲು ನಿಮಿಷ ತಪ್ಪುವುದಿಲ್ಲ ಅನ್ನುವುದು ಹಳೇ ಕಥೆ. 2024ರಲ್ಲಿ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ನೂರಕ್ಕೆ ಸುಮಾರು 62. ಹಳಿಗಳು ಹಳೆಯವು, ರಿಪೇರಿ ಎಲ್ಲ ಕಡೆ ನಡೆಯುತ್ತಿದೆ. ಸ್ಟುಟ್‌ಗಾರ್ಟ್‌ನಲ್ಲಂತೂ ಕಾಮಗಾರಿಗಾಗಿ ಆಗಾಗ ಒಂದು ಮಾರ್ಗ ಮುಚ್ಚಿ ಬದಲಿ ಬಸ್ ಬಿಡುತ್ತಾರೆ. ಬೋರ್ಡಿನಲ್ಲಿ 'ಎಸ್‌ಇವಿ' ಎಂಬ ಮೂರಕ್ಷರ ಕಂಡರೆ ಅದೇ ಆ ಬಸ್ಸು. ಹೊರಡುವ ದಿನ ಬೆಳಗ್ಗೆ ಆ್ಯಪ್‌ನಲ್ಲಿ ರೈಲು ಓಡುತ್ತಿದೆಯಾ, ನಿಲ್ದಾಣದ ಲಿಫ್ಟ್ ಕೆಲಸ ಮಾಡುತ್ತಿದೆಯಾ ಎಂದು ಮಗ ಒಮ್ಮೆ ನೋಡಲಿ. ಲಿಫ್ಟ್ ಕೆಟ್ಟಿರುವುದು ಅಪರೂಪವಲ್ಲ.

ಟಿಕೆಟ್‌ಗೆ ನಿಮ್ಮಿಬ್ಬರ ಹೆಸರಲ್ಲೂ ಒಂದೊಂದು ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿ. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಊರಿನ ಬಸ್ಸು, ಟ್ರಾಮು, ಲೋಕಲ್ ರೈಲು, ಟ್ಯೂಬಿಂಗನ್ ರೈಲು ಎಲ್ಲಕ್ಕೂ ಆಗುತ್ತದೆ, ಐಸಿಇಯಂಥ ವೇಗದ ರೈಲಿಗೆ ಆಗುವುದಿಲ್ಲ. ಒಂದನೇ ತಾರೀಖಿನಿಂದ ತಿಂಗಳ ಕೊನೆವರೆಗೆ ಲೆಕ್ಕ, ಹಾಗಾಗಿ ಮೂರು ವಾರವೂ ಜೂನ್‌ನಲ್ಲೇ ಬರುವ ಹಾಗೆ ವಿಮಾನದ ಟಿಕೆಟ್ ನೋಡಿ. ಇಲ್ಲಿನ ನಿಲ್ದಾಣಗಳಲ್ಲಿ ಗೇಟ್ ಇಲ್ಲ, ಮಾಮೂಲಿ ಬಟ್ಟೆಯಲ್ಲಿ ತಪಾಸಣೆಯವರು ಬರುತ್ತಾರೆ. ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ, ಫೋನ್ ಚಾರ್ಜ್ ಮುಗಿದಿತ್ತು ಅಂದರೂ ಆ ಹೊತ್ತಿಗೆ ಬಿಡುವುದಿಲ್ಲ. ಜೊತೆಗೆ ಪಾಸ್‌ಪೋರ್ಟ್ ಇರಲಿ. ಇದು ತಿಂಗಳು ತಿಂಗಳು ತಾನಾಗಿ ಮುಂದುವರಿಯುವ ಟಿಕೆಟ್. ಜೂನ್ 10ರೊಳಗೆ ಮಗ ರದ್ದು ಮಾಡದಿದ್ದರೆ, ನೀವು ಮೈಸೂರಿಗೆ ವಾಪಸ್ ಬಂದ ಮೇಲೂ ಜುಲೈ ದುಡ್ಡು ಅವನ ಖಾತೆಯಿಂದ ಹೋಗುತ್ತದೆ.